ಹಡಗೇರುವ ಮುನ್ನ ಗೆಳೆಯರ ನಡುವೆ

ಹೆಸರಾಂತ ಪ್ರವಾಸಿಗಳ ಕಥೆ ಓದುವಾಗ ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎರಡು ದೃಶ್ಯಗಳನ್ನಷ್ಟೇ ತೋರಿಸುತ್ತವೆ. ಒಂದು, ಹಡಗು ಬಂದರು ಬಿಡುವುದು. ಇನ್ನೊಂದು, ಪ್ರವಾಸಿ ಬೆಟ್ಟದ ತುದಿಯಲ್ಲೋ ಕಾಡಿನ ನಡುವೆಯೋ ನಿಂತಿರುವುದು. ದಣಿದ ಪ್ರವಾಸಿ ಊರಿಗೆ ಮರಳುವ ಮುನ್ನ ಪರದೇಶದಲ್ಲಿ ಗೆಳೆಯರ ಜೊತೆ ಕಳೆದ ಕೊನೆಯ ದಿನಗಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಆದರೆ ಅಂಥ ಕೆಲವು ವಾರಗಳು ಇತಿಹಾಸದಲ್ಲಿ ದೊಡ್ಡ ಗುರುತನ್ನೇ ಉಳಿಸಿಹೋದದ್ದುಂಟು. 1804ರ ಬೇಸಿಗೆಯಲ್ಲಿ ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅಮೆರಿಕದಲ್ಲಿ ಕಳೆದ ಸುಮಾರು ಆರು ವಾರಗಳು ಅಂಥವು.

ಹಂಬೋಲ್ಟ್ ಹುಟ್ಟಿದ್ದು ಬರ್ಲಿನ್‌ನಲ್ಲಿ, 1769ರ ಸೆಪ್ಟೆಂಬರ್ 14ರಂದು. ಗಣಿ ಇಲಾಖೆಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವನು ತಾಯಿ ತೀರಿಕೊಂಡು ಆಸ್ತಿ ಕೈಗೆ ಬಂದ ಕೂಡಲೇ ನೌಕರಿ ಬಿಟ್ಟ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಏಮೆ ಬೊನ್‌ಪ್ಲಾನ್‌ನನ್ನು ಜೊತೆ ಮಾಡಿಕೊಂಡು 1799ರ ಜೂನ್ 5ರಂದು ಸ್ಪೇನಿನಿಂದ ಹಡಗೇರಿದ. ಆಗ ದಕ್ಷಿಣ ಅಮೆರಿಕದ ಬಹುಭಾಗವೂ ಮೆಕ್ಸಿಕೋ ದೇಶವೂ ಸ್ಪೇನ್ ದೊರೆಯ ಕೈಯಲ್ಲಿದ್ದವು. ಹೊರಗಿನವರಿಗೆ ಅಲ್ಲಿ ಸುಲಭವಾಗಿ ಪ್ರವೇಶವಿರಲಿಲ್ಲ. ಹಂಬೋಲ್ಟ್‌ಗೆ ಮಾತ್ರ ದೊರೆ ನಾಲ್ಕನೆಯ ಕಾರ್ಲೋಸ್ ವಿಶೇಷ ರಹದಾರಿ ಕೊಟ್ಟ. ಎಲ್ಲಿ ಬೇಕಾದರೂ ಹೋಗಬಹುದು, ಏನನ್ನಾದರೂ ಅಳೆಯಬಹುದು. ಈ ರಹದಾರಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಕೆಲಸ ಬೀಳುತ್ತದೆ.

ಐದು ವರ್ಷಗಳಲ್ಲಿ ಆತ ಮಾಡಿದ್ದೇನು ಎಂದು ಪಟ್ಟಿ ಕೊಡಹೊರಟರೆ ಈ ಪುಟ ಸಾಲದು. ಒರಿನೊಕೊ ನದಿಯ ಮೇಲೆ ದೋಣಿಯಲ್ಲಿ ಸೊಳ್ಳೆಗಳ ಮೋಡದ ನಡುವೆ ವಾರಗಟ್ಟಲೆ ಸಾಗಿದ. ವಿದ್ಯುತ್ ಹಾಯಿಸುವ ಈಲ್ ಮೀನನ್ನು ಕೈಯಲ್ಲೇ ಮುಟ್ಟಿ ಪರೀಕ್ಷಿಸಿ ಪೆಟ್ಟು ತಿಂದ. 1802ರ ಜೂನ್ 23ರಂದು, ಆ ಕಾಲದಲ್ಲಿ ಜಗತ್ತಿನಲ್ಲೇ ಅತ್ಯಂತ ಎತ್ತರವೆಂದು ನಂಬಲಾಗಿದ್ದ ಚಿಂಬೊರಾಜೊ ಪರ್ವತವನ್ನು ಹತ್ತಿದ. ತುದಿ ಮುಟ್ಟಲಾಗಲಿಲ್ಲ, ಆಳವಾದ ಕಂದರವೊಂದು ದಾರಿ ಕಡಿದುಹಾಕಿತ್ತು. ಆದರೂ ಸುಮಾರು 5,900 ಮೀಟರ್ ಎತ್ತರದವರೆಗೆ ಹೋಗಿದ್ದ. ಆ ಎತ್ತರ ಅವನಿಗೆ ತಿಳಿದದ್ದು ಹೇಗೆ ಗೊತ್ತೆ? ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡುವ ಅದೇ ಪಾದರಸದ ವಾಯುಭಾರಮಾಪಕದಿಂದ! ಸಮುದ್ರ ಮಟ್ಟದಲ್ಲಿ 76 ಸೆಂಟಿಮೀಟರ್ ನಿಲ್ಲುವ ಪಾದರಸದ ಕಂಬ ಅಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಉಸಿರಾಡುವ ಗಾಳಿಯೂ ಅಷ್ಟೇ ತೆಳುವಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಒಸಡಿನಿಂದ ರಕ್ತ ಜಿನುಗುತ್ತಿದ್ದರೂ ಆತ ಅಳತೆ ಬರೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಪೆರುವಿನ ಕರಾವಳಿಯ ಶೀತಪ್ರವಾಹದ ಉಷ್ಣತೆ ಅಳೆದು, ಮೆಕ್ಸಿಕೋದಲ್ಲಿ ಒಂದು ವರ್ಷ ಕಳೆದು, 1804ರ ವಸಂತದಲ್ಲಿ ಕ್ಯೂಬಾದ ಹವಾನಾ ಬಂದರಿನಲ್ಲಿ ನಿಂತಾಗ ಅವನ ಬಳಿ ಸುಮಾರು 60,000 ಒಣಗಿಸಿದ ಸಸ್ಯ ಮಾದರಿಗಳಿದ್ದವು. 6,000 ಜಾತಿಗಳು. ಅವುಗಳಲ್ಲಿ 2,000ದಷ್ಟು ಯೂರೋಪಿನ ಸಸ್ಯಶಾಸ್ತ್ರಕ್ಕೆ ಹೊಸವು. ಜೊತೆಗೆ ಕಲ್ಲುಗಳು, ನಕಾಶೆಗಳು, ಟಿಪ್ಪಣಿ ಪುಸ್ತಕಗಳು. ಇಷ್ಟನ್ನೂ ಅಟ್ಲಾಂಟಿಕ್ ದಾಟಿಸಬೇಕು. ಇಂಗ್ಲೆಂಡಿಗೂ ಫ್ರಾನ್ಸಿಗೂ 1803ರಿಂದ ಮತ್ತೆ ಯುದ್ಧ ಶುರುವಾಗಿತ್ತು. ಯಾವ ಹಡಗನ್ನು ಯಾರು ಹಿಡಿಯುತ್ತಾರೋ ಹೇಳುವಂತಿರಲಿಲ್ಲ. ಸಮುದ್ರವನ್ನು ನಂಬಬಾರದೆಂಬ ಪಾಠ ಅವನಿಗೆ ಮೊದಲೇ ಆಗಿತ್ತು. ಸಂಗ್ರಹದ ಒಂದು ಪಾಲನ್ನು ಯೂರೋಪಿಗೆ ಒಯ್ಯುತ್ತಿದ್ದ ಅವನ ಸ್ನೇಹಿತ, ಒಬ್ಬ ಪಾದ್ರಿ, ಆಫ್ರಿಕಾದ ಕರಾವಳಿಯ ಬಳಿ ಹಡಗು ಮುಳುಗಿ ಸತ್ತಿದ್ದ. ಪೆಟ್ಟಿಗೆಗಳೂ ನೀರುಪಾಲಾದವು.

ಇಂಥ ಸ್ಥಿತಿಯಲ್ಲಿ ಯಾರಾದರೂ ನೇರ ಮನೆಯ ದಾರಿ ಹಿಡಿಯುತ್ತಾರೆ. ಹಂಬೋಲ್ಟ್ ಹಾಗೆ ಮಾಡಲಿಲ್ಲ. ಏಪ್ರಿಲ್ 29ರಂದು ಹವಾನಾದಿಂದ ಉತ್ತರಕ್ಕೆ, ಅಮೆರಿಕ ಸಂಯುಕ್ತ ಸಂಸ್ಥಾನದ ಫಿಲಡೆಲ್ಫಿಯಾಕ್ಕೆ ಹೊರಟ. ಕಾರಣ ಸರಳ. ರಾಜನಿಲ್ಲದೆ, ಜನರೇ ಆಳಿಕೊಳ್ಳುವ ಒಂದು ದೇಶವನ್ನೂ, ಅದರ ಅಧ್ಯಕ್ಷ ಥಾಮಸ್ ಜೆಫರ್ಸನ್‌ನನ್ನೂ ಕಣ್ಣಾರೆ ನೋಡಿ ಹೋಗಬೇಕೆಂಬ ಆಸೆ. ದಾರಿಯಲ್ಲಿ ಬಿರುಗಾಳಿ ಹಲವು ದಿನ ಹಡಗನ್ನು ಅಲ್ಲಾಡಿಸಿತು. ಚಿಂಬೊರಾಜೊದಲ್ಲಿ ಹೆದರದವನು ಅಲ್ಲಿ ಹೆದರಿದ. ತನ್ನ ಪ್ರಾಣಕ್ಕಿಂತ ಹೆಚ್ಚಾಗಿ ಆ ಪೆಟ್ಟಿಗೆಗಳಿಗಾಗಿ.

ಮೇ ಕೊನೆಯ ವಾರ ಫಿಲಡೆಲ್ಫಿಯಾದಲ್ಲಿ ಇಳಿದವರು ಮೂವರು: ಹಂಬೋಲ್ಟ್, ಬೊನ್‌ಪ್ಲಾನ್, ಮತ್ತು ಕೀಟೊ ನಗರದ ಶ್ರೀಮಂತ ಮನೆತನದ ತರುಣ ಕಾರ್ಲೋಸ್ ಮೊಂಟುಫಾರ್. ಹಂಬೋಲ್ಟ್‌ಗೆ ಆಗ ವಯಸ್ಸು ಮೂವತ್ತನಾಲ್ಕು. ಮೇ 24ರಂದೇ ಆತ ಜೆಫರ್ಸನ್‌ಗೆ ಪತ್ರ ಬರೆದ. ಅದರಲ್ಲೊಂದು ಜಾಣತನವಿತ್ತು. ಆಂಡೀಸ್ ಪರ್ವತಗಳ ಎತ್ತರದಲ್ಲಿ ಸಿಕ್ಕ ದೈತ್ಯ ಪ್ರಾಣಿಯ ಹಲ್ಲುಗಳ ಸುದ್ದಿಯನ್ನು ಅದರಲ್ಲಿ ಸೇರಿಸಿದ್ದ.

ಹಲ್ಲಿನ ಸುದ್ದಿಗೆ ಅಧ್ಯಕ್ಷನೊಬ್ಬ ಮರುಳಾಗುವುದುಂಟೇ? ಜೆಫರ್ಸನ್ ಮರುಳಾಗುವ ಜಾತಿಯವನೇ. ಫ್ರಾನ್ಸಿನ ಹೆಸರಾಂತ ನಿಸರ್ಗವಿಜ್ಞಾನಿ ಬ್ಯುಫೊನ್, ಅಮೆರಿಕದ ಹವೆಯಲ್ಲಿ ಪ್ರಾಣಿಗಳು ಕುಗ್ಗಿ ಸಣ್ಣದಾಗುತ್ತವೆ ಎಂದು ಬರೆದಿದ್ದ. ಇದರಿಂದ ರೇಗಿದ ಜೆಫರ್ಸನ್ ತನ್ನ ನಾಡಿನ ಪ್ರಾಣಿಗಳ ತೂಕ, ಅಳತೆಗಳನ್ನು ಕಲೆಹಾಕಿ ಪುಸ್ತಕದಲ್ಲಿ ಅಚ್ಚುಹಾಕಿಸಿದ. ಅದೂ ಸಾಲದೆಂದು ಮೂಸ್ ಎಂಬ ಭಾರಿ ಕಡವೆಯ ಚರ್ಮ, ಮೂಳೆಗಳನ್ನು ಪ್ಯಾರಿಸ್ಸಿಗೇ ತರಿಸಿ ತೋರಿಸಿದ. ನೆಲದಡಿ ಸಿಗುವ ದೈತ್ಯ ಮೂಳೆಗಳು ಅವನ ವಾದಕ್ಕೆ ದೊಡ್ಡ ಸಾಕ್ಷಿ. ಹವಾಮಾನದ ಹುಚ್ಚೂ ಅಷ್ಟೇ ಇತ್ತು: ಅಮೆರಿಕ ಸ್ವಾತಂತ್ರ್ಯ ಘೋಷಿಸಿದ 1776ರ ಜುಲೈ 4ರಂದೂ ಆತ ಉಷ್ಣತಾಮಾಪಕ ನೋಡಿ ಅಂಕಿ ಬರೆದಿಟ್ಟಿದ್ದ. ಇಂಥವನಿಗೆ ಹಂಬೋಲ್ಟ್‌ನಂಥ ಅತಿಥಿ ಸಿಕ್ಕರೆ ಕೇಳಬೇಕೆ! ಕೂಡಲೇ ವಾಷಿಂಗ್ಟನ್‌ಗೆ ಬರುವಂತೆ ಆಹ್ವಾನ ಬಂತು.

ಮೇ 29ರಂದು ಕುದುರೆ ಸಾರೋಟಿನಲ್ಲಿ ಪ್ರಯಾಣ ಹೊರಟಿತು. ಜೊತೆಗೆ ಬಂದವರಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ ಎಂಬ ಅರವತ್ತು ದಾಟಿದ ಚಿತ್ರಕಾರನೂ ಇದ್ದ. ಈತನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಫಿಲಡೆಲ್ಫಿಯಾದಲ್ಲಿ ಸ್ವಂತ ವಸ್ತುಸಂಗ್ರಹಾಲಯ ನಡೆಸುತ್ತಿದ್ದ ಪೀಲ್, 1801ರಲ್ಲಿ ಮಾಸ್ಟೊಡಾನ್ ಎಂಬ ಆನೆಯಂಥ ಪುರಾತನ ಪ್ರಾಣಿಯ ಮೂಳೆಗಳನ್ನು ಅಗೆಸಿ ತೆಗೆದು ಪೂರ್ತಿ ಅಸ್ಥಿಪಂಜರವನ್ನೇ ನಿಲ್ಲಿಸಿದ್ದ. ಒಂದು ಪತ್ರ ಬರೆಯುತ್ತಿದ್ದಂತೆ ಇನ್ನೊಂದು ಲೇಖನಿ ತಾನಾಗಿ ಅದರ ಪ್ರತಿ ಬರೆಯುವ ಯಂತ್ರವನ್ನು ಸುಧಾರಿಸಿ, ಜೆಫರ್ಸನ್ ಮೇಜಿನ ಮೇಲೂ ಇರಿಸಿದ್ದ. ಜೆಫರ್ಸನ್‌ನ ಸಾವಿರಾರು ಪತ್ರಗಳು ಇಂದು ನಮಗೆ ಓದಲು ಸಿಗುವುದು ಬಹುಮಟ್ಟಿಗೆ ಇಂಥ ಯಂತ್ರಗಳ ದಯೆಯಿಂದ. ಪೀಲ್‌ಗೆ ದಿನಚರಿ ಬರೆಯುವ ಅಭ್ಯಾಸವಿದ್ದುದರಿಂದ ಈ ಪ್ರವಾಸದ ಸಣ್ಣಪುಟ್ಟ ವಿವರಗಳೂ ಉಳಿದಿವೆ.

ಸಾರೋಟಿನಲ್ಲಿ ಹಂಬೋಲ್ಟ್ ಬಾಯಿ ಮುಚ್ಚಿದ್ದೇ ಇಲ್ಲವಂತೆ. ಇಂಗ್ಲಿಷಿನಲ್ಲಿ ಶುರುವಾದ ಮಾತು ಫ್ರೆಂಚಿಗೆ ಜಾರಿ, ಸ್ಪ್ಯಾನಿಷಿಗೆ ಹೊರಳಿ, ಜರ್ಮನ್‌ನಲ್ಲಿ ಮುಗಿಯುತ್ತಿತ್ತು. ಐದು ವರ್ಷ ಕಾಡುಮೇಡು ಅಲೆದು, ತನ್ನ ಕೆಲಸ ಅರ್ಥವಾಗುವ ಜನ ಸಿಕ್ಕಾಗ ಮಾತು ಉಕ್ಕಿ ಬರುವುದು ಸಹಜವೇ.

ವಾಷಿಂಗ್ಟನ್ ಆಗಿನ್ನೂ ರಾಜಧಾನಿಯಂತಿರಲಿಲ್ಲ. ಅರ್ಧ ಕಟ್ಟಿದ ಕಟ್ಟಡಗಳು, ಕೆಸರು ದಾರಿ, ನಡುವೆ ಮರಗಳು. ಅಧ್ಯಕ್ಷನ ಭವನದಲ್ಲೂ ಕೆಲಸ ಮುಗಿದಿರಲಿಲ್ಲ. ಜೆಫರ್ಸನ್ ಆಗ ದುಃಖದಲ್ಲಿದ್ದ. ಆರೇ ವಾರಗಳ ಹಿಂದೆ, ಏಪ್ರಿಲ್ 17ರಂದು, ಕಿರಿಯ ಮಗಳು ಮರಿಯಾ ತೀರಿಕೊಂಡಿದ್ದಳು. ಅದರ ನಡುವೆಯೂ ಅತಿಥಿಗಳನ್ನು ಊಟಕ್ಕೆ ಕರೆದ. ರಾಜಧಾನಿಯ ಔತಣವೆಂದರೆ ಸಾಮಾನ್ಯವಾಗಿ ಒಬ್ಬರಾದ ಮೇಲೊಬ್ಬರು ಎದ್ದು ಬಟ್ಟಲೆತ್ತಿ ಹಾರೈಸುವುದು, ನಂತರ ರಾಜಕೀಯ. ಈ ಊಟದಲ್ಲಿ ಯಾರೂ ಬಟ್ಟಲೆತ್ತಿ ಹಾರೈಸಲಿಲ್ಲ, ರಾಜಕೀಯದ ಸೊಲ್ಲೂ ಬರಲಿಲ್ಲ, ಮಾತೆಲ್ಲ ನಿಸರ್ಗವಿಜ್ಞಾನದ್ದು ಮತ್ತು ಬದುಕನ್ನು ಹಗುರ ಮಾಡುವ ಹೊಸ ಉಪಕರಣಗಳದ್ದು ಎಂದು ಪೀಲ್ ಸಂತೋಷದಿಂದ ಬರೆದುಕೊಂಡಿದ್ದಾನೆ. ಒಂದು ದಿನ ಎಲ್ಲರೂ ಸೇರಿ ಪೊಟೊಮಾಕ್ ನದಿಯ ದಂಡೆಯಲ್ಲಿರುವ ಮೌಂಟ್ ವರ್ನನ್‌ಗೆ, ಜಾರ್ಜ್ ವಾಷಿಂಗ್ಟನ್‌ನ ಮನೆ ನೋಡಲು ಹೋಗಿಬಂದರು.

ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್‌ನ ಮನೆಯಲ್ಲೂ ಸತ್ಕಾರ ನಡೆಯಿತು. ಮ್ಯಾಡಿಸನ್‌ನ ಹೆಂಡತಿ ಡಾಲಿ ಈ ತರುಣನ ಮೋಡಿಯ ಬಗ್ಗೆ ತಂಗಿಗೆ ಪತ್ರ ಬರೆದಳು. ಹಂಬೋಲ್ಟ್‌ಗೂ ಐದು ವರ್ಷಗಳ ಮೇಲೆ ಮೊದಲ ಬಾರಿಗೆ ಹೊತ್ತಿಗೆ ಸರಿಯಾಗಿ ಊಟ, ಒಣಗಿದ ಹಾಸಿಗೆ.

ಈ ದಿನಗಳದೆಂದು ಒಂದು ಕಥೆ ಪ್ರಚಾರದಲ್ಲಿದೆ. ಆ ಕಾಲದ ವಾಷಿಂಗ್ಟನ್ ಸಮಾಜದ ಬಗ್ಗೆ ಬರೆದ ಮಾರ್ಗರೆಟ್ ಬೇಯರ್ಡ್ ಸ್ಮಿತ್ ಅದನ್ನು ದಾಖಲಿಸಿದ್ದಾಳೆ. ಜೆಫರ್ಸನ್‌ನ ಕೋಣೆಯಲ್ಲಿ ಬಿದ್ದಿದ್ದ ಪತ್ರಿಕೆಯೊಂದನ್ನು ಹಂಬೋಲ್ಟ್ ಎತ್ತಿ ನೋಡಿದರೆ ಅದರ ತುಂಬ ಅಧ್ಯಕ್ಷನ ನಿಂದೆ! ಇಂಥದ್ದನ್ನು ನಿಲ್ಲಿಸಿ ಸಂಪಾದಕನಿಗೆ ಶಿಕ್ಷೆ ಕೊಡಬಾರದೇಕೆ ಎಂದು ಕೇಳಿದ. ಜೆಫರ್ಸನ್ ನಕ್ಕು, ಆ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗು, ನಮ್ಮ ದೇಶದಲ್ಲಿ ಪತ್ರಿಕಾ ಸ್ವಾತಂತ್ರ್ಯವಿದೆಯೇ ಎಂದು ಯಾರಾದರೂ ಅನುಮಾನಪಟ್ಟರೆ ತೋರಿಸು ಎಂದನಂತೆ. ಕಥೆ ಬಾಯಿಂದ ಬಾಯಿಗೆ ಬರುವಾಗ ಸ್ವಲ್ಪ ಬಣ್ಣ ಹತ್ತಿರಬಹುದು. ರಾಜರ ಆಳ್ವಿಕೆಯಲ್ಲಿ ಬೆಳೆದವನಿಗೆ ಆ ದೇಶ ಹೇಗೆ ಕಂಡಿರಬೇಕು ಎಂಬುದನ್ನು ಮಾತ್ರ ಅದು ಚೆನ್ನಾಗಿ ಹೇಳುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಅತಿಥೇಯರಿಗೂ ಒಂದು ಅಗತ್ಯವಿತ್ತು.

ಹಿಂದಿನ ವರ್ಷ, 1803ರಲ್ಲಿ, ಅಮೆರಿಕ ಒಂದೂವರೆ ಕೋಟಿ ಡಾಲರಿಗೆ ಫ್ರಾನ್ಸಿನಿಂದ ಲೂಯಿಸಿಯಾನ ಪ್ರದೇಶವನ್ನು ಕೊಂಡಿತ್ತು. 21 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ನೆಲ. ದೇಶದ ವಿಸ್ತೀರ್ಣ ಒಂದೇ ಏಟಿಗೆ ಸುಮಾರು ಎರಡು ಪಟ್ಟಾಯಿತು. ನಮ್ಮಲ್ಲಿ ಎರಡು ಗುಂಟೆ ಜಾಗ ಕೊಳ್ಳುವವರೂ ಚಕ್ಕುಬಂದಿ ನೋಡುತ್ತಾರೆ. ಈ ಖರೀದಿಯಲ್ಲಿ ಚಕ್ಕುಬಂದಿಯೇ ಸ್ಪಷ್ಟವಿರಲಿಲ್ಲ! ನೈರುತ್ಯದ ಗಡಿ ರಿಯೊ ಗ್ರಾಂದೆ ನದಿಯವರೆಗೆ ಎಂದು ಅಮೆರಿಕ ಹೇಳಿದರೆ, ಅದಕ್ಕಿಂತ ಬಹಳ ಪೂರ್ವಕ್ಕೇ ನಿಲ್ಲುತ್ತದೆಂದು ಸ್ಪೇನ್ ಹೇಳುತ್ತಿತ್ತು. ನಡುವಿನ ನೆಲದಲ್ಲಿ, ಅಂದರೆ ಇಂದಿನ ಟೆಕ್ಸಾಸ್‌ನಲ್ಲಿ, ಏನಿದೆ, ಎಷ್ಟು ಜನರಿದ್ದಾರೆ ಎಂಬುದು ವಾಷಿಂಗ್ಟನ್‌ನಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಆ ವಿವರಗಳೆಲ್ಲ ಇದ್ದದ್ದು ಮೆಕ್ಸಿಕೋದ ಸರ್ಕಾರಿ ದಫ್ತರಗಳಲ್ಲಿ. ಅವನ್ನು ನೋಡಿ ನಕಾಶೆ ಬರೆದುಕೊಂಡು ಬಂದವನು ಹಂಬೋಲ್ಟ್.

ಜೂನ್ 9ರಂದು ಜೆಫರ್ಸನ್ ಚೀಟಿ ಬರೆದು ಇದನ್ನೇ ಕೇಳಿದ. ಹಂಬೋಲ್ಟ್ ಸ್ವಲ್ಪವೂ ಮುಚ್ಚಿಡಲಿಲ್ಲ. ಹತ್ತೊಂಬತ್ತು ಪುಟಗಳಷ್ಟು ವಿವರವನ್ನು ಒತ್ತೊತ್ತಾಗಿ ಬರೆದುಕೊಟ್ಟ: ಜನಸಂಖ್ಯೆ, ಬೇಸಾಯ, ಗಣಿ, ಸೈನ್ಯ. ಗಡಿಯ ಬಗ್ಗೆ ಇನ್ನೆರಡು ಪುಟ ಬೇರೆ. ಹಣಕಾಸು ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಅವನ ನಕಾಶೆಯನ್ನು ಪ್ರತಿ ಮಾಡಿಕೊಳ್ಳಲೂ ಒಪ್ಪಿದ. ಜಿನೀವಾದಲ್ಲಿ ಹುಟ್ಟಿ ಅಂಕಿ-ಅಂಶಗಳಲ್ಲೇ ಮುಳುಗಿದ್ದ ಗ್ಯಾಲಟಿನ್‌ಗೆ ಒಂದೆರಡು ಗಂಟೆಗಳಲ್ಲಿ ಈ ತರುಣ ಹೇಳಿದ್ದನ್ನು ಕೇಳಿ ಎರಡು ವರ್ಷದ ಓದು ಆದಷ್ಟು ಖುಷಿಯಾಯಿತು.

ಹಂಬೋಲ್ಟ್ ಮಾಡಿದ್ದು ಸರಿಯೇ? ಸ್ಪೇನ್ ದೊರೆ ನಂಬಿ ರಹದಾರಿ ಕೊಟ್ಟಿದ್ದ. ಆ ನಂಬಿಕೆಯಿಂದ ಸಿಕ್ಕ ಮಾಹಿತಿಯನ್ನು ಗಡಿಯಲ್ಲಿ ಕಣ್ಣಿಟ್ಟು ಕುಳಿತ ನೆರೆಯವನ ಕೈಗೆ ಕೊಟ್ಟದ್ದು ಹೇಗೆ ನೋಡಿದರೂ ಸ್ವಲ್ಪ ಇರಿಸುಮುರಿಸಿನ ಸಂಗತಿ. ಅವನ ಪಕ್ಷದ ವಾದವೂ ಇದೆ. ತಿಳಿವಳಿಕೆ ಯಾವ ದೊರೆಯ ಖಾಸಗಿ ಸ್ವತ್ತೂ ಅಲ್ಲ, ಅಳೆದದ್ದನ್ನೆಲ್ಲ ಎಲ್ಲರ ಮುಂದಿಡಬೇಕು ಎಂದು ಜೀವನಪೂರ್ತಿ ನಂಬಿದವನು ಆತ. ಹೇಗೂ ಅಚ್ಚು ಹಾಕಿಸಲಿದ್ದ, ಹಾಕಿಸಿದ ಕೂಡ. ಆದರೆ ಪುಸ್ತಕವಾಗಿ ಎಲ್ಲರ ಕೈಗೂ ಒಟ್ಟಿಗೆ ಸಿಗುವುದು ಬೇರೆ, ವ್ಯಾಜ್ಯ ನಡೆಯುತ್ತಿರುವಾಗ ಒಬ್ಬ ಕಕ್ಷಿಗಾರನ ಕೈಗೆ ಮುಂಚಿತವಾಗಿ ಸಿಗುವುದು ಬೇರೆ. ಗೆಳೆತನದ ಬಿಸುಪಿನಲ್ಲಿ ಈ ವ್ಯತ್ಯಾಸ ಅವನಿಗೆ ಕಾಣದೇ ಹೋಯಿತೆಂದೇ ಹೇಳಬೇಕು.

ಪರಿಣಾಮ ನಿಧಾನವಾಗಿ ಕಂಡಿತು. ವಾಷಿಂಗ್ಟನ್‌ನಲ್ಲಿ ಉಳಿದ ಪ್ರತಿಯನ್ನು ಬಳಸಿಕೊಂಡು ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿ 1810ರಲ್ಲಿ ತನ್ನ ಪ್ರವಾಸದ ಪುಸ್ತಕದೊಂದಿಗೆ ನಕಾಶೆ ಪ್ರಕಟಿಸಿದ. ಹಂಬೋಲ್ಟ್‌ನ ಹೆಸರನ್ನೂ ಹೇಳಲಿಲ್ಲ. ನೊಂದ ಹಂಬೋಲ್ಟ್ ಜೆಫರ್ಸನ್‌ಗೆ ದೂರಿಕೊಂಡ. ಜೆಫರ್ಸನ್ 1813ರ ಡಿಸೆಂಬರ್‌ನಲ್ಲಿ ಬರೆದ ಉತ್ತರದಲ್ಲಿ ವಿಷಾದ ಸೂಚಿಸಿದ. ಅಷ್ಟರಲ್ಲಿ ಪೈಕ್ ಯುದ್ಧದಲ್ಲಿ ಸತ್ತಿದ್ದರಿಂದ ಆತನನ್ನು ಕೇಳುವಂತೆಯೂ ಇರಲಿಲ್ಲ. ಮುಂದೆ 1845ರಲ್ಲಿ ಟೆಕ್ಸಾಸ್ ಅಮೆರಿಕಕ್ಕೆ ಸೇರಿತು. 1846ರಿಂದ 1848ರವರೆಗಿನ ಯುದ್ಧದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧದಷ್ಟನ್ನು ಕಳೆದುಕೊಂಡಿತು. ಇದಕ್ಕೆಲ್ಲ ಹತ್ತೊಂಬತ್ತು ಪುಟಗಳೇ ಕಾರಣ ಎನ್ನುವುದು ಮೂರ್ಖತನವಾದೀತು. ಆದರೆ ಮುದುಕನಾಗಿದ್ದ ಹಂಬೋಲ್ಟ್ ಅಷ್ಟನ್ನೂ ನೋಡುವಷ್ಟು ಕಾಲ ಬದುಕಿದ್ದ.

ಇನ್ನೊಂದು ವಿಷಯ ಆ ಆರು ವಾರಗಳಲ್ಲೇ ಅವನಿಗೆ ಮುಳ್ಳಾಗಿ ಚುಚ್ಚಿತ್ತು. ಸ್ವಾತಂತ್ರ್ಯದ ನಾಡು ಎಂದು ಬಂದವನಿಗೆ ಗುಲಾಮರು ಕಂಡರು. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಹಿಂದಿನ ಡಿಸೆಂಬರ್‌ನಲ್ಲಷ್ಟೇ ದಕ್ಷಿಣ ಕೆರೊಲಿನಾ ರಾಜ್ಯ ಆಫ್ರಿಕಾದಿಂದ ಗುಲಾಮರನ್ನು ತರಿಸಿಕೊಳ್ಳಲು ಮತ್ತೆ ಬಾಗಿಲು ತೆರೆದಿತ್ತು. ಅದು ಆ ರಾಜ್ಯಕ್ಕೆ ಕಳಂಕ ಎಂದು ಹಂಬೋಲ್ಟ್ ಖಂಡಿಸಿ ಬರೆದ; ಆದರೆ ಬರೆದದ್ದು ಸಂಸತ್ ಭವನದ ನಕ್ಷೆ ರಚಿಸಿದ ವಿಲಿಯಂ ಥಾರ್ನ್‌ಟನ್‌ಗೆ, ಜೆಫರ್ಸನ್‌ಗಲ್ಲ. ಉಂಡ ಮನೆಯ ಯಜಮಾನನ ಮುಖಕ್ಕೆ ಹೇಳಲು ದಾಕ್ಷಿಣ್ಯ ಅಡ್ಡ ಬಂದಿರಬೇಕು. ನಂತರದ ದಿನಗಳಲ್ಲಿ ಮಾತ್ರ ಆತ ದಾಕ್ಷಿಣ್ಯ ಇಟ್ಟುಕೊಳ್ಳಲಿಲ್ಲ. ಪುಸ್ತಕಗಳಲ್ಲಿ ಗುಲಾಮಗಿರಿಯನ್ನು ಬಹಿರಂಗವಾಗಿ ಜರೆದ. ಪ್ರಷ್ಯಾದ ನೆಲವನ್ನು ಮೆಟ್ಟಿದ ಯಾವ ಗುಲಾಮನೂ ಆ ಕ್ಷಣದಿಂದ ಸ್ವತಂತ್ರ ಎಂಬ ಕಾಯಿದೆ 1857ರಲ್ಲಿ ಬರಲು ಎಂಬತ್ತೇಳರ ಈ ವೃದ್ಧನ ಒತ್ತಾಯವೂ ಕಾರಣ.

ಜೂನ್ ಮಧ್ಯದಲ್ಲಿ ಮೂವರೂ ಫಿಲಡೆಲ್ಫಿಯಾಕ್ಕೆ ಮರಳಿದರು. ಕೊನೆಯ ದಿನಗಳು ಅಲ್ಲಿನ ವಿದ್ವಾಂಸರ ಜೊತೆ, ಪೆಟ್ಟಿಗೆಗಳಿಗೆ ಮತ್ತೊಮ್ಮೆ ಹಗ್ಗ ಬಿಗಿಯುತ್ತ ಕಳೆದವು. ಪೀಲ್ ಅವನನ್ನು ಕೂರಿಸಿಕೊಂಡು ಭಾವಚಿತ್ರ ಬರೆದ. ಜೂನ್ 27ರಂದು ಹಂಬೋಲ್ಟ್ ಜೆಫರ್ಸನ್‌ಗೆ ಬೀಳ್ಕೊಡುಗೆಯ ಪತ್ರ ಬರೆದ. ಮತ್ತೆ ಬರುವ ಆಸೆ ಅವನಿಗಿತ್ತು. ಲೂಯಿಸ್ ಮತ್ತು ಕ್ಲಾರ್ಕ್ ಆಗಷ್ಟೇ ಮಿಸೌರಿ ನದಿಯ ಮೂಲಕ ಪಶ್ಚಿಮಕ್ಕೆ ಹೊರಟಿದ್ದರು. ಆ ದಿಕ್ಕಿನ ನೆಲ ಅವನನ್ನೂ ಕರೆಯುತ್ತಿತ್ತು. ಆಮೇಲೆ ಡೆಲವೇರ್ ನದಿಯಿಂದ ಫವೊರಿತ್ ಎಂಬ ಹಡಗು ಫ್ರಾನ್ಸಿನತ್ತ ಹೊರಟಿತು.

ಆತ ಮತ್ತೆ ಆ ಖಂಡಕ್ಕೆ ಹೋಗಲೇ ಇಲ್ಲ. ಜೆಫರ್ಸನ್‌ನನ್ನೂ ನೋಡಲಿಲ್ಲ, ಪತ್ರಗಳಷ್ಟೇ ಓಡಾಡಿದವು. ನಮ್ಮ ಹಿಮಾಲಯವನ್ನು ಅಳೆಯಬೇಕೆಂಬ ಹಂಬಲದಿಂದ ಲಂಡನ್‌ಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಅನುಮತಿಗಾಗಿ ಪ್ರಯತ್ನಿಸಿದ. ಅದು ಸಿಗಲಿಲ್ಲ. ಕಂಡದ್ದನ್ನೆಲ್ಲ ಬರೆಯುವ ಇಂಥ ಅತಿಥಿಯನ್ನು ಬಿಟ್ಟುಕೊಳ್ಳಲು ಕಂಪನಿಗೆ ಮನಸ್ಸಾಗದಿದ್ದುದರಲ್ಲಿ ಆಶ್ಚರ್ಯವೇನಿದೆ? ಜೊತೆಗಾರರ ಪಾಲಿಗೆ ಬಂದದ್ದು ಬೇರೆ. ಮೊಂಟುಫಾರ್ ತಾಯ್ನಾಡಿಗೆ ಮರಳಿ ಸ್ವಾತಂತ್ರ್ಯ ಹೋರಾಟ ಸೇರಿದ. 1816ರಲ್ಲಿ ಸ್ಪೇನಿನವರು ಅವನನ್ನು ಗುಂಡಿಟ್ಟು ಕೊಂದರು. ಬೊನ್‌ಪ್ಲಾನ್ ದಕ್ಷಿಣ ಅಮೆರಿಕಕ್ಕೆ ವಾಪಸು ಹೋಗಿ, ಪರಾಗ್ವೆಯ ಸರ್ವಾಧಿಕಾರಿಯ ಕೈಗೆ ಸಿಕ್ಕು ವರ್ಷಗಟ್ಟಲೆ ಸೆರೆಯಲ್ಲಿದ್ದ. 1858ರಲ್ಲಿ ಆ ಖಂಡದಲ್ಲೇ ತೀರಿಕೊಂಡ. ಮರುವರ್ಷ ಮೇ 6ರಂದು ಹಂಬೋಲ್ಟ್ ಬರ್ಲಿನ್‌ನಲ್ಲಿ ಕಣ್ಣು ಮುಚ್ಚಿದ.

ಆದರೆ 1804ರ ಆ ಬೇಸಿಗೆಯಲ್ಲಿ ಇದಾವುದೂ ಯಾರಿಗೂ ಗೊತ್ತಿರಲಿಲ್ಲ. ಹಡಗು ಹೊರಟ ಮೇಲೆ ಜುಲೈ 20ರಂದು ಫಿಲಡೆಲ್ಫಿಯಾದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಯೂರೋಪಿನಲ್ಲಿ ಅದೇ ಹೊತ್ತಿಗೆ ಪತ್ರಿಕೆಯೊಂದು ಹಂಬೋಲ್ಟ್ ಹಳದಿ ಜ್ವರದಿಂದ ಸತ್ತನೆಂದು ಸುದ್ದಿ ಹಾಕಿತ್ತು. ಆಗಸ್ಟ್ ಮೊದಲ ವಾರ ಬೋರ್ಡೋ ಬಂದರಿನಲ್ಲಿ ಆತ ಪೆಟ್ಟಿಗೆಗಳ ಸಮೇತ ಇಳಿದ.